ಬೆಳಿಗ್ಗೆ ಪ್ರೈಮರ್ ಒತ್ತದೆ ಹಿಡಿಯದ ಹಳೇ ಲಾರಿ: ಡೀಸೆಲ್ ಪಂಪ್ ಬಿಚ್ಚಿಸಬೇಕೇ?

ಪ್ರಶ್ನೆ: ಸಕಲೇಶಪುರ ತಾಲ್ಲೂಕಿನ ನಮ್ಮ ಕಾಫಿ ತೋಟದಲ್ಲಿ 1990ರ ಸುಮಾರಿನ ಟಾಟಾ 1210 ಲಾರಿ ಇದೆ. ಆರು ಸಿಲಿಂಡರ್, ಸಿಲಿಂಡರಿಗೊಂದರಂತೆ ಎಲಿಮೆಂಟ್‌ಗಳು ಒಂದೇ ಸಾಲಿನಲ್ಲಿರುವ ಮೈಕೋ ಇನ್‌ಲೈನ್ ಡೀಸೆಲ್ ಪಂಪ್. ಮಳೆಗಾಲದಲ್ಲಿ ಹೆಚ್ಚಾಗಿ ನಿಂತೇ ಇರುತ್ತದೆ, ಕೊಯ್ಲು ಶುರುವಾದ ಮೇಲೆ ಕೆಲಸ. ಈಗ ಬೆಳಿಗ್ಗೆ ಸೆಲ್ಫ್ ಹೊಡೆದರೆ ಎಂಜಿನ್ ಚೆನ್ನಾಗಿ ತಿರುಗುತ್ತದೆ, ಆದರೆ ಹಿಡಿಯುವುದಿಲ್ಲ. ಪ್ರೈಮರನ್ನು (ಡೀಸೆಲ್ ಎಳೆಯುವ ಕೈಪಂಪು) ಇಪ್ಪತ್ತು ಮೂವತ್ತು ಸಲ ಒತ್ತಿದ ಮೇಲೆ ಸ್ಟಾರ್ಟ್ ಆಗುತ್ತದೆ. ಆಮೇಲೆ ದಿನವಿಡೀ ತೊಂದರೆ ಇಲ್ಲ, ಲೋಡ್ ಹೊತ್ತು ಶಿರಾಡಿ ಘಾಟಿಯನ್ನೂ ಹತ್ತುತ್ತದೆ. ಎರಡು ದಿನ ನಿಲ್ಲಿಸಿದರೆ ಇನ್ನೂ ಕಷ್ಟ. ಪಂಪ್ ಓವರ್‌ಹಾಲ್ ಮಾಡಿಸಬೇಕು ಎನ್ನುತ್ತಿದ್ದಾರೆ ಮೆಕ್ಯಾನಿಕ್. ಮಾಡಿಸಬೇಕೇ?

ಉತ್ತರ: ಸದ್ಯಕ್ಕೆ ಬೇಡ. ನೀವು ಬರೆದಿರುವ ಲಕ್ಷಣಗಳಲ್ಲಿ ಪಂಪಿನ ಕಡೆ ಬೆರಳು ತೋರಿಸುವಂಥದ್ದು ಒಂದೂ ಇಲ್ಲ. ಪಂಪಿನ ಎಲಿಮೆಂಟ್‌ಗಳು, ಅಂದರೆ ಡೀಸೆಲನ್ನು ಒತ್ತುವ ಒಳಗಿನ ಸಣ್ಣ ಪಿಸ್ಟನ್ ಜೋಡಿಗಳು, ಸವೆದಿದ್ದರೆ ಗಾಡಿ ಲೋಡಿನಲ್ಲಿ ಘಾಟಿ ಹತ್ತುವಾಗ ಎಳೆತ ಕಡಿಮೆಯಾಗಬೇಕಿತ್ತು. ಅದಕ್ಕಿಂತ ಮುಖ್ಯವಾಗಿ, ಎಂಜಿನ್ ಕಾದ ಮೇಲೆ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದಾಗ ತೊಂದರೆ ಕಾಣಿಸಬೇಕಿತ್ತು. ಬಿಸಿಯಾದ ಡೀಸೆಲ್ ತೆಳುವಾಗುತ್ತದೆ. ಸವೆದ ಎಲಿಮೆಂಟಿನ ಸಂದಿಯಲ್ಲಿ ಅದು ಸೋರಿಹೋಗಿ ನಾಜಲ್ (ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಭಾಗ) ತೆರೆಯುವಷ್ಟು ಒತ್ತಡವೇ ಬರುವುದಿಲ್ಲ. ಹಾಗಾಗಿ ಸವೆದ ಪಂಪ್ ಬಿಸಿಯಲ್ಲಿ ಸತಾಯಿಸುತ್ತದೆ, ತಣ್ಣಗಿದ್ದಾಗ ಹೇಗೋ ಕೆಲಸ ಮಾಡುತ್ತದೆ. ನಿಮ್ಮದು ಇದಕ್ಕೆ ಪೂರ್ತಿ ಉಲ್ಟಾ.

ರಾತ್ರಿ ನಿಂತರೆ ತೊಂದರೆ, ಎರಡು ರಾತ್ರಿ ನಿಂತರೆ ಹೆಚ್ಚು ತೊಂದರೆ, ಪ್ರೈಮರ್ ಒತ್ತಿದರೆ ಸರಿ. ಇದರ ಅರ್ಥ ಪೈಪ್, ಫಿಲ್ಟರ್ ಮತ್ತು ಪಂಪಿನ ಗ್ಯಾಲರಿಯಲ್ಲಿ (ಎಲಿಮೆಂಟ್‌ಗಳಿಗೆ ಡೀಸೆಲ್ ಒದಗಿಸುವ ಒಳಗಿನ ಕಾಲುವೆ) ನಿಲ್ಲಬೇಕಾದ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿಯುತ್ತಿದೆ. ಟ್ಯಾಂಕ್ ಇರುವುದು ಚಾಸಿಯ ಪಕ್ಕದಲ್ಲಿ, ಅದರಿಂದ ಡೀಸೆಲ್ ಎಳೆದುಕೊಡುವ ಫೀಡ್ ಪಂಪಿಗಿಂತ ಕೆಳಗೆ. ಲೈನಿನಲ್ಲಿ ಎಲ್ಲಾದರೂ ಕೂದಲೆಳೆಯಷ್ಟು ಗಾಳಿ ಒಳಹೊಕ್ಕರೂ ಸಾಕು, ಇಡೀ ಡೀಸೆಲ್ ಕಂಬ ತನ್ನ ಭಾರಕ್ಕೆ ಕೆಳಗೆ ಜಾರುತ್ತದೆ. ಬೆಳಿಗ್ಗೆ ಸೆಲ್ಫ್ ಹೊಡೆದಾಗ ಪಂಪಿಗೆ ಸಿಗುವುದು ಗಾಳಿ. ಗಾಳಿ ಒತ್ತಿದರೆ ಕುಗ್ಗುತ್ತದೆಯೇ ಹೊರತು ನಾಜಲ್ ಸೂಜಿಯನ್ನು ಎತ್ತುವುದಿಲ್ಲ.

ಇಷ್ಟನ್ನು ಖಾತ್ರಿ ಮಾಡಿಕೊಳ್ಳಲು ಒಂದು ರೂಪಾಯಿ ಖರ್ಚಿಲ್ಲದ ಪರೀಕ್ಷೆ ಇದೆ, ಮಲೆನಾಡಿನಲ್ಲಂತೂ ಸುಲಭ. ಸಂಜೆ ಟ್ಯಾಂಕ್ ಮುಕ್ಕಾಲಿಗಿಂತ ಹೆಚ್ಚು ತುಂಬಿಸಿ, ಗಾಡಿಯನ್ನು ಮೂತಿ ಇಳಿಜಾರಿನ ಕಡೆ ಬರುವಂತೆ ನಿಲ್ಲಿಸಿ, ಗೇರ್ ಹಾಕಿ, ನಾಲ್ಕು ಚಕ್ರಕ್ಕೂ ಅಡ್ಡ ಕೊಡಿ. ಹೀಗೆ ನಿಲ್ಲಿಸಿದಾಗ ಟ್ಯಾಂಕಿನ ಡೀಸೆಲ್ ಮಟ್ಟಕ್ಕೂ ಫೀಡ್ ಪಂಪಿಗೂ ಇರುವ ಎತ್ತರದ ವ್ಯತ್ಯಾಸ ಕಡಿಮೆಯಾಗುತ್ತದೆ. ಮರುದಿನ ಪ್ರೈಮರ್ ಮುಟ್ಟದೆ ಸ್ಟಾರ್ಟ್ ಆದರೆ, ಅಥವಾ ಎಂದಿಗಿಂತ ಬೇಗ ಹಿಡಿದರೆ, ನಿಮ್ಮ ರೋಗ ಡೀಸೆಲ್ ವಾಪಸ್ ಇಳಿಯುವುದೇ. ಬಹಳ ಜನ ರಾತ್ರಿ ಮೂತಿ ಏರಿನ ಕಡೆ ಇಟ್ಟು ನಿಲ್ಲಿಸುತ್ತಾರೆ, ಟ್ಯಾಂಕ್ ಅರ್ಧಕ್ಕಿಂತ ಕಡಿಮೆ ಇರುತ್ತದೆ. ಸೋರಿಕೆ ಇರುವ ಗಾಡಿಗೆ ಇದಕ್ಕಿಂತ ಕೆಟ್ಟ ಪಾರ್ಕಿಂಗ್ ಇಲ್ಲ.

ಇನ್ನೊಂದು ಖಾತ್ರಿ ಹೊಗೆ. ಬೆಳಿಗ್ಗೆ ಮೊದಲ ಸಲ ಸೆಲ್ಫ್ ಹೊಡೆಯುವಾಗ ಸೈಲೆನ್ಸರ್ ಬಾಯಿಯ ಹತ್ತಿರ ಒಬ್ಬರನ್ನು ನಿಲ್ಲಿಸಿ. ಹತ್ತು ಸೆಕೆಂಡ್ ತಿರುಗಿಸಿದರೂ ಹೊಗೆಯೇ ಇಲ್ಲ ಅಂದರೆ ಸಿಲಿಂಡರಿಗೆ ಡೀಸೆಲ್ ಹೋಗುತ್ತಿಲ್ಲ. ಬಿಳಿ ಹೊಗೆ ಬಂದರೆ ಡೀಸೆಲ್ ಹೋಗುತ್ತಿದೆ, ಉರಿಯುತ್ತಿಲ್ಲ. ಇವೆರಡರ ರಿಪೇರಿ ದಾರಿ ಬೇರೆ ಬೇರೆ. ಯಾವ ಸ್ಪ್ಯಾನರ್ ಎತ್ತುವ ಮೊದಲೂ ಈ ಒಂದು ಸಂಗತಿ ಗೊತ್ತಿರಲೇಬೇಕು. ನಿಮ್ಮ ಗಾಡಿಯಲ್ಲಿ ಮೊದಲು ಹೊಗೆ ಇಲ್ಲದೆ, ಪ್ರೈಮರ್ ಒತ್ತಿದ ಮೇಲೆ ಬಿಳಿ ಹೊಗೆ ಕಂಡು, ತಕ್ಷಣ ಎಂಜಿನ್ ಹಿಡಿಯುತ್ತದೆ ಅಂತಾದರೆ ನನಗೆ ಅನುಮಾನ ಉಳಿಯುವುದಿಲ್ಲ.

ಇದೇ ಹೊತ್ತಿನಲ್ಲಿ ಸ್ಟಾಪ್ ಕೇಬಲ್ ಒಮ್ಮೆ ನೋಡಿಬಿಡಿ. ಮಳೆಗಾಲ ನಿಂತ ಗಾಡಿಯಲ್ಲಿ ಕೇಬಲ್ ಒಳಗೆ ತುಕ್ಕು ಹಿಡಿದು, ಡ್ಯಾಶ್‌ಬೋರ್ಡಿನ ಗುಂಡಿ ಒಳಗೆ ಹೋದಂತೆ ಕಂಡರೂ ಪಂಪಿನ ಮೇಲಿರುವ ಲಿವರ್ ಅರ್ಧಕ್ಕೇ ನಿಂತಿರುತ್ತದೆ. ಗುಂಡಿಯನ್ನು ನಂಬಬೇಡಿ, ಬಾನೆಟ್ ಎತ್ತಿ ಲಿವರನ್ನೇ ಕೈಯಿಂದ ರನ್ ಕಡೆಗೆ ತಳ್ಳಿ ನೋಡಿ. ಸ್ಟಾರ್ಟ್ ಮಾಡುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿಯುವುದೂ ಮುಖ್ಯ. ಎಂಜಿನ್ನಿಗೆ ಹೋಗುವ ಡೀಸೆಲನ್ನು ಹಿಡಿತದಲ್ಲಿಡುವ ಹಳೇ ಗವರ್ನರ್‌ಗಳಲ್ಲಿ ಸ್ಟಾರ್ಟಿಂಗಿಗೆ ಬೇಕಾದ ಹೆಚ್ಚುವರಿ ಡೀಸೆಲ್ ಸಿಗುವುದು ಪೆಡಲ್ ತಳಮುಟ್ಟಿದಾಗ.

ಈಗ ಗಾಳಿ ಎಲ್ಲಿಂದ ಬರುತ್ತಿದೆ ಎನ್ನುವುದು. ಇಲ್ಲೇ ಹೆಚ್ಚಿನವರು ಎಡವುವುದು. ಫೀಡ್ ಪಂಪಿನಿಂದ ಮುಂದಕ್ಕೆ, ಅಂದರೆ ಫಿಲ್ಟರ್ ಕಡೆ, ಲೈನಿನಲ್ಲಿ ಒತ್ತಡ ಇರುತ್ತದೆ. ಅಲ್ಲಿ ತೂತಿದ್ದರೆ ಡೀಸೆಲ್ ಹೊರಗೆ ಒಸರುತ್ತದೆ, ಧೂಳು ಮೆತ್ತಿಕೊಂಡು ಕಣ್ಣಿಗೆ ಕಾಣುತ್ತದೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಇರುವುದು ಎಳೆತ. ತೂತಿರುವ ಸ್ಟ್ರಾ ಹಾಕಿ ಎಳನೀರು ಎಳೆದರೆ ನೀರು ಹೊರಗೆ ಚೆಲ್ಲುವುದಿಲ್ಲ, ಬಾಯಿಗೆ ಗಾಳಿ ಬರುತ್ತದೆ; ಇದೂ ಹಾಗೆಯೇ. ಹೊರಗೆ ಒಂದು ಹನಿಯೂ ಕಾಣದಿದ್ದರೂ ಅದೇ ಜಾಗ ಕೆಟ್ಟಿರಬಹುದು. “ಎಲ್ಲೂ ಲೀಕ್ ಇಲ್ಲ, ನೋಡಿದೆ” ಎಂದು ಹೇಳಿದವರು ಸಾಮಾನ್ಯವಾಗಿ ಒತ್ತಡದ ಕಡೆಯನ್ನಷ್ಟೇ ನೋಡಿರುತ್ತಾರೆ.

ಎರಡು ಕಡೆಯನ್ನು ಬೇರ್ಪಡಿಸುವುದು ಹೀಗೆ. 5 ಲೀಟರ್ ಕ್ಯಾನಿಗೆ ಸೋಸಿದ ಡೀಸೆಲ್ ತುಂಬಿ, ಅಲುಗಾಡದಂತೆ ಫೀಡ್ ಪಂಪಿಗಿಂತ ಎತ್ತರದಲ್ಲಿ ಕಟ್ಟಿ. ಸೈಲೆನ್ಸರ್ ಮತ್ತು ಮ್ಯಾನಿಫೋಲ್ಡಿನಿಂದ ದೂರ ಇರಲಿ. ಟ್ಯಾಂಕಿನಿಂದ ಬರುವ ಪೈಪನ್ನು ಫೀಡ್ ಪಂಪಿನಲ್ಲಿ ಬಿಚ್ಚಿ, ಆ ಜಾಗಕ್ಕೆ ಕ್ಯಾನಿನಿಂದ ಬರುವ ಹೊಸ ಪಾರದರ್ಶಕ ಹೋಸ್ ಜೋಡಿಸಿ ಕ್ಲಿಪ್ ಬಿಗಿ ಮಾಡಿ. ಏರ್ ತೆಗೆದು (ಕ್ರಮ ಮುಂದೆ ಹೇಳಿದ್ದೇನೆ) ಸ್ಟಾರ್ಟ್ ಮಾಡಿ, ಹತ್ತು ನಿಮಿಷ ಓಡಿಸಿ, ಆಫ್ ಮಾಡಿ, ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಒಂದೇ ಸಲಕ್ಕೆ ಹಿಡಿದರೆ ದೋಷ ಬಹುಮಟ್ಟಿಗೆ ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಲೈನಿನಲ್ಲಿ. ಹಾಗೂ ಹಿಡಿಯದಿದ್ದರೆ ಫೀಡ್ ಪಂಪ್ ಮತ್ತು ಅದರ ಮುಂದಿನದನ್ನು ನೋಡಬೇಕು. ಕ್ಯಾನ್ ಕಟ್ಟಿಕೊಂಡು ಗಾಡಿಯನ್ನು ರಸ್ತೆಗೆ ಇಳಿಸಬೇಡಿ, ಇದು ನಿಂತಲ್ಲೇ ಮಾಡುವ ಪರೀಕ್ಷೆ.

ಟ್ಯಾಂಕಿನ ಕಡೆಯೇ ಎಂದು ಗೊತ್ತಾದರೆ ಮೊದಲು ಚಾಸಿಗೂ ಎಂಜಿನ್ನಿಗೂ ನಡುವೆ ಇರುವ ರಬ್ಬರ್ ಹೋಸನ್ನು ಮಡಚಿ ನೋಡಿ. ಎಂಜಿನ್ ಅಲುಗಾಡುವುದನ್ನೆಲ್ಲ ಅದೇ ತಡೆದುಕೊಳ್ಳಬೇಕು. ವಯಸ್ಸಾದ ಹೋಸ್ ಗಟ್ಟಿಯಾಗಿ, ಬ್ಯಾಂಜೋ ತುದಿಯ (ಟೊಳ್ಳು ಬೋಲ್ಟ್ ತೂರುವ ಉಂಗುರದಂಥ ತುದಿ) ಹತ್ತಿರ ಸಣ್ಣ ಬಿರುಕು ಬಿಟ್ಟಿರುತ್ತದೆ. ನೇರವಾಗಿದ್ದಾಗ ಕಾಣುವುದಿಲ್ಲ, ಮಡಚಿದರೆ ಬಾಯಿ ಬಿಡುತ್ತದೆ. ತೋಟದ ಶೆಡ್ಡಿನಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಗೆ ಇಲಿ ಕಡಿತವೂ ಇದೇ ಹೋಸಿಗೆ. ಬದಲಿಸುವಾಗ ಡೀಸೆಲ್‌ಗೆಂದೇ ಮಾಡಿದ ಹೋಸ್ ಹಾಕಿ. ನೀರಿನ ಹೋಸ್ ಡೀಸೆಲ್‌ನಲ್ಲಿ ಉಬ್ಬಿ ಒಳಗಿನ ಪದರ ಸುಲಿಯುತ್ತದೆ, ಆ ಚೂರುಗಳೇ ಆಮೇಲೆ ಫೀಡ್ ಪಂಪಿನ ವಾಲ್ವಿನಲ್ಲಿ ಸಿಕ್ಕಿಕೊಳ್ಳುತ್ತವೆ.

ನಂತರ ಬ್ಯಾಂಜೋ ಬೋಲ್ಟಿನ ಎರಡೂ ಬದಿಯ ತಾಮ್ರದ ವಾಷರ್‌ಗಳು. ಒಮ್ಮೆ ಬಿಗಿದ ತಾಮ್ರ ಗಟ್ಟಿಯಾಗಿ, ಎರಡನೇ ಸಲ ಸರಿಯಾಗಿ ಕೂರುವುದಿಲ್ಲ. ಅಲ್ಲಿ ಸೋರುತ್ತದೆಂದು ಇನ್ನಷ್ಟು ಬಿಗಿದರೆ ಟೊಳ್ಳಾದ ಬೋಲ್ಟ್ ಮುರಿಯುತ್ತದೆ, ಇಲ್ಲವೇ ಫೀಡ್ ಪಂಪ್ ಬಾಡಿಯ ಥ್ರೆಡ್ ಕಿತ್ತುಬರುತ್ತದೆ. ಹೊಸ ವಾಷರ್ ಕೆಲವೇ ರೂಪಾಯಿ. ಹಳೆಯದನ್ನು ಹಾಸನದಲ್ಲೋ ಸಕಲೇಶಪುರದಲ್ಲೋ ಅಂಗಡಿಗೆ ಒಯ್ದು ಅದೇ ಅಳತೆಯದ್ದನ್ನು ಹತ್ತಿಪ್ಪತ್ತು ತಂದಿಟ್ಟುಕೊಳ್ಳಿ. ಸಿಗದೇ ಇದ್ದ ದಿನ ಹಳೆಯದನ್ನೇ ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೆದುವಾಗುತ್ತದೆ. ಕೂರುವ ಮುಖವನ್ನು ನುಣುಪು ಕಾಗದದಲ್ಲಿ ಉಜ್ಜಿ, ಗೀರು ಇಲ್ಲದ್ದನ್ನು ನೋಡಿ ಹಾಕಿ. ದಾರ, ಸೀಲಂಟ್, ಟೆಫ್ಲಾನ್ ಟೇಪ್ ಯಾವುದೂ ಇಲ್ಲಿಗೆ ಬೇಡ.

ಕಬ್ಬಿಣದ ಪೈಪ್ ಚಾಸಿಗೆ ಉಜ್ಜುವ ಕ್ಲಿಪ್ ಜಾಗ ಮತ್ತು ಟ್ಯಾಂಕಿನೊಳಗಿನ ಎಳೆಯುವ ಪೈಪ್ ಉಳಿಯಿತು. ಟ್ಯಾಂಕಿನೊಳಗಿನ ಪೈಪ್ ಮೇಲ್ಭಾಗದಲ್ಲಿ ತುಕ್ಕು ತಿಂದು ತೂತಾದರೆ, ಟ್ಯಾಂಕ್ ತುಂಬಿದ್ದಾಗ ಗಾಡಿ ಸರಿ ಇರುತ್ತದೆ, ಅರ್ಧಕ್ಕೆ ಇಳಿದರೆ ಗಾಳಿ ಎಳೆಯುತ್ತದೆ. ಕಣ್ಣಿಗೆ ಕಾಣದ ತೂತು ಹುಡುಕಲು ಲೈನನ್ನು ಎರಡೂ ತುದಿಯಲ್ಲಿ ಬಿಚ್ಚಿ, ಒಂದನ್ನು ಮುಚ್ಚಿ, ಇನ್ನೊಂದರಿಂದ ಸೈಕಲ್ ಪಂಪಿನಲ್ಲಿ 5 ಪಿಎಸ್‌ಐ ಒಳಗೆ ಗಾಳಿ ಕೊಟ್ಟು ಸಾಬೂನು ನೀರು ಹಚ್ಚಿ. ಟ್ಯಾಂಕಿಗೆ ಮಾತ್ರ ಗಾಳಿ ಒತ್ತಡ ಕೊಡಬೇಡಿ.

ದೋಷ ಫೀಡ್ ಪಂಪಿನಲ್ಲೇ ಇದ್ದರೆ ಅದೂ ದೊಡ್ಡ ಖರ್ಚಿನದಲ್ಲ. ಅದು ಡೀಸೆಲ್ ಪಂಪಿನ ಪಕ್ಕಕ್ಕೆ ಬೋಲ್ಟಿನಲ್ಲಿ ಕೂತಿರುತ್ತದೆ, ಬಿಚ್ಚಿದರೆ ಟೈಮಿಂಗಿಗೆ ಏನೂ ಆಗುವುದಿಲ್ಲ. ಒಳಗೆ ಡೀಸೆಲನ್ನು ಒಂದೇ ದಿಕ್ಕಿಗೆ ಬಿಡುವ ಎರಡು ನಾನ್‌ರಿಟರ್ನ್ ವಾಲ್ವ್ ಇವೆ. ಅವುಗಳ ಬಿಲ್ಲೆಯ ಕೆಳಗೆ ಒಂದು ರಬ್ಬರ್ ಚೂರು ಸಿಕ್ಕಿದರೂ ಡೀಸೆಲ್ ವಾಪಸ್ ಇಳಿಯುತ್ತದೆ. ಪರೀಕ್ಷೆಗೆ, ಎಳೆಯುವ ಪೈಪ್ ಬಿಚ್ಚಿ ಆ ತೂತಿಗೆ ಹೆಬ್ಬೆರಳು ಒತ್ತಿ ಪ್ರೈಮರ್ ಮೇಲಕ್ಕೆ ಎಳೆಯಿರಿ. ಬೆರಳಿಗೆ ಸೆಳೆತ ಗಟ್ಟಿಯಾಗಿ ಗೊತ್ತಾಗಬೇಕು, ಕೆಲವು ಸೆಕೆಂಡಾದರೂ ನಿಲ್ಲಬೇಕು. ಸೆಳೆತ ಬರದಿದ್ದರೆ ವಾಲ್ವ್, ಸ್ಪ್ರಿಂಗ್, ಪ್ರೈಮರ್ ವಾಷರ್ ಎಲ್ಲ ಸೇರಿದ ರಿಪೇರಿ ಕಿಟ್ ಹಾಕಿಸಿ. ಪ್ರೈಮರ್ ಪಿಸ್ಟನ್ನೇ ಸಡಿಲವಾಗಿದ್ದರೆ ಪ್ರೈಮರ್ ಪೂರ್ತಿ ಬದಲಿಸಿ. ಕೆಳಗಿನ ಬಟ್ಟಲಿನ ಜಾಲರಿಯನ್ನು ತೊಳೆದು ಅದರ ಗ್ಯಾಸ್ಕೆಟ್ ಹೊಸದು ಹಾಕಿ. ಒಂದು ಸಣ್ಣ ವಿಷಯ: ಪ್ರೈಮರ್ ಒತ್ತಿದ ಮೇಲೆ ಅದರ ತಿರುಪನ್ನು ಕೆಳಕ್ಕೆ ಇಳಿಸಿ ಗಟ್ಟಿಯಾಗಿ ಮುಚ್ಚಬೇಕು. ದಿನಾ ಬೆಳಿಗ್ಗೆ ಹೇಗೂ ಒತ್ತಬೇಕಲ್ಲ ಎಂದು ಸಡಿಲ ಬಿಟ್ಟರೆ ಅಲ್ಲಿಂದಲೇ ಗಾಳಿ ಎಳೆಯುತ್ತದೆ.

ಡೀಸೆಲ್ ಪಂಪಿನ ಮೇಲೆ, ರಿಟರ್ನ್ ಪೈಪ್ ಹೊರಡುವಲ್ಲಿರುವ ಓವರ್‌ಫ್ಲೋ ವಾಲ್ವನ್ನು ಮರೆಯಬೇಡಿ. ಗ್ಯಾಲರಿಯಲ್ಲಿ ಒತ್ತಡ ಉಳಿಸಿಕೊಡುವುದು ಅದೇ. ಸ್ಪ್ರಿಂಗ್ ಮುರಿದರೆ ಡೀಸೆಲ್ ಆ ದಾರಿಯಲ್ಲಿ ಖಾಲಿಯಾಗುತ್ತದೆ. ಕೆಲವು ಗಾಡಿಗಳಲ್ಲಿ ಆ ಜಾಗಕ್ಕೆ ಯಾರೋ ಸಾಮಾನ್ಯ ಬ್ಯಾಂಜೋ ಬೋಲ್ಟ್ ಹಾಕಿಬಿಟ್ಟಿರುತ್ತಾರೆ. ಹೊರಗಿನಿಂದ ಎರಡೂ ಹೆಚ್ಚು ಕಡಿಮೆ ಒಂದೇ ಥರ ಕಾಣುತ್ತವೆ, ಬಿಚ್ಚಿ ಊದಿದರೆ ವ್ಯತ್ಯಾಸ ಗೊತ್ತಾಗುತ್ತದೆ: ಒಳಗೆ ಸ್ಪ್ರಿಂಗ್ ಇರುವುದು ಸುಲಭವಾಗಿ ಗಾಳಿ ಬಿಡುವುದಿಲ್ಲ.

ರಿಪೇರಿ ಆದ ಮೇಲೆ ಏರ್ ತೆಗೆಯುವ ಕ್ರಮ ಟ್ಯಾಂಕಿನಿಂದ ಎಂಜಿನ್ನಿನ ಕಡೆಗೆ. ಮೊದಲ ಫಿಲ್ಟರಿನ ಬ್ಲೀಡ್ ಸ್ಕ್ರೂ ಎರಡು ಸುತ್ತು ಸಡಿಲಿಸಿ, ನೊರೆ ನಿಂತು ಡೀಸೆಲ್ ಒಂದೇ ಸಮ ಬರುವವರೆಗೆ ಪ್ರೈಮರ್ ಒತ್ತಿ. ಡೀಸೆಲ್ ಹರಿಯುತ್ತಿರುವಾಗಲೇ ಸ್ಕ್ರೂ ಮುಚ್ಚಿ. ಆಮೇಲೆ ಎರಡನೇ ಫಿಲ್ಟರ್, ಆಮೇಲೆ ಡೀಸೆಲ್ ಪಂಪಿನ ಗ್ಯಾಲರಿ ಸ್ಕ್ರೂ. ಸಾಮಾನ್ಯವಾಗಿ ಇಷ್ಟಕ್ಕೇ ಸ್ಟಾರ್ಟ್ ಆಗುತ್ತದೆ. ಆಗದಿದ್ದರೆ ಎರಡು ಮೂರು ನಾಜಲ್ ಪೈಪುಗಳ ನಟ್ಟನ್ನು ನಾಜಲ್ ತುದಿಯಲ್ಲಿ ಅರ್ಧ ಸುತ್ತು ಸಡಿಲಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಿರಿ. ಡೀಸೆಲ್ ಚಿಮ್ಮಿದ ಕೂಡಲೇ ಬಿಗಿ ಮಾಡಿ. ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸೂಜಿ ಮೊನೆಯಷ್ಟೇ ಕಂಡರೂ ಒಳಗೆ ಮಾಂಸ ಕೊಳೆಯುತ್ತದೆ, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಆ ನಟ್ಟುಗಳ ಹತ್ತಿರ ಬೆರಳು ಇಟ್ಟು ಸೋರಿಕೆ ನೋಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ನಿಮ್ಮ ಗಾಡಿ ಮಳೆಗಾಲ ಪೂರ್ತಿ ನಿಲ್ಲುವುದರಿಂದ ನೀರಿನ ವಿಷಯ ಹೇಳಲೇಬೇಕು. ಅರ್ಧ ಖಾಲಿ ಟ್ಯಾಂಕಿನ ಗೋಡೆಗೆ ತೇವ ಹಿಡಿದು ನೀರಾಗಿ ತಳಕ್ಕೆ ಇಳಿಯುತ್ತದೆ. ಟ್ಯಾಂಕಿನ ಮುಚ್ಚಳದ ರಬ್ಬರ್ ಹೋಗಿದ್ದರೆ ಮಳೆಯ ನೀರೇ ನೇರ ಇಳಿಯುತ್ತದೆ. ಡೀಸೆಲ್ ಮತ್ತು ನೀರು ಸೇರುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆಯಾಗುತ್ತವೆ, ಅದು ಎಳೆಯುವ ಪೈಪಿನ ಜಾಲರಿ ಕಟ್ಟುತ್ತದೆ. ಕೊಯ್ಲಿಗೆ ಮೊದಲು ಟ್ಯಾಂಕಿನ ತಳದ ಪ್ಲಗ್ ಸಡಿಲಿಸಿ ಒಂದೆರಡು ಲೀಟರನ್ನು ಗಾಜಿನ ಬಾಟಲಿಗೆ ಹಿಡಿದು ಕಾಲು ಗಂಟೆ ಬಿಡಿ. ತಳದಲ್ಲಿ ನೀರಿನ ಪದರ ಕಂಡರೆ ಶುದ್ಧ ಡೀಸೆಲ್ ಬರುವವರೆಗೆ ಇಳಿಸಿ, ಎರಡೂ ಫಿಲ್ಟರ್ ಬದಲಿಸಿ. ಮುಂದಿನ ಜೂನ್‌ನಲ್ಲಿ ನಿಲ್ಲಿಸುವ ಮೊದಲು ಟ್ಯಾಂಕ್ ಪೂರ್ತಿ ತುಂಬಿಸಿಡಿ.

ನೀರು ಪಂಪಿನೊಳಗೆ ಹೋದರೆ ಎಲಿಮೆಂಟ್ ತುಕ್ಕು ಹಿಡಿದು, ಡೀಸೆಲನ್ನು ಹೆಚ್ಚು ಕಡಿಮೆ ಮಾಡುವ ಸರಳು, ಅಂದರೆ ರ‍್ಯಾಕ್ ಸಿಕ್ಕಿಕೊಳ್ಳುತ್ತದೆ. ಡೀಸೆಲ್ ಇಲ್ಲದ ಸ್ಥಿತಿಯಲ್ಲಿ ಸಿಕ್ಕರೆ ಗಾಡಿ ಹಿಡಿಯುವುದಿಲ್ಲ ಅಷ್ಟೆ. ಪೂರ್ತಿ ಡೀಸೆಲ್ ಬಿಡುವ ಸ್ಥಿತಿಯಲ್ಲಿ ಸಿಕ್ಕರೆ ಸ್ಟಾರ್ಟ್ ಆದ ಕೂಡಲೇ ಎಂಜಿನ್ ಹುಚ್ಚೆದ್ದು ಓಡುತ್ತದೆ, ಸ್ಟಾಪ್ ಗುಂಡಿಗೂ ನಿಲ್ಲುವುದಿಲ್ಲ. ಆದ್ದರಿಂದ ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಸೆಲ್ಫ್ ಹೊಡೆಯುವ ಮೊದಲು ಪಂಪಿನ ಪಕ್ಕದ ಮುಚ್ಚಳ ತೆಗೆದು, ಸ್ಟಾಪ್ ಲಿವರ್ ಆಡಿಸಿದಾಗ ರ‍್ಯಾಕ್ ಸಲೀಸಾಗಿ ಸರಿಯುತ್ತದೆಯೇ ನೋಡಿ. ಏರ್ ಕ್ಲೀನರ್ ಪೈಪ್ ಸಡಿಲಿಸಿಟ್ಟು, ಗಾಳಿ ಒಳಹೋಗುವ ಬಾಯಿ ಮುಚ್ಚುವಷ್ಟು ಅಗಲದ ಹಲಗೆ ಕೈಯಲ್ಲಿರಲಿ. ಎಂಜಿನ್ ಹೀಗೆ ಹುಚ್ಚೆದ್ದರೆ ಗಾಳಿ ನಿಲ್ಲಿಸುವುದೇ ಬೇಗ ಆಗುವ ದಾರಿ. ಬಟ್ಟೆ ಹಿಡಿದರೆ ಒಳಗೆ ಎಳೆದುಕೊಳ್ಳುತ್ತದೆ, ಕೈ ಅಂತೂ ಇಡಲೇಬೇಡಿ. ಸ್ಟಾಪ್ ಎಳೆದಿಟ್ಟು ಎಂಜಿನ್ನನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸುವುದೂ ಒಳ್ಳೆಯದು. ಎಲ್ಲೋ ಒಂದು ಕಡೆ ಕಲ್ಲಿಗೆ ತಾಗಿದಂತೆ ನಿಂತರೆ ಸಿಲಿಂಡರಿನಲ್ಲಿ ನೀರಿರಬಹುದು. ನಾಜಲ್‌ಗಳನ್ನು ಬಿಚ್ಚಿ ಹೊರಗೆ ಬಿಡಿಸದೆ ಬಲ ಹಾಕಬೇಡಿ.

ಇಳಿಜಾರಿನಲ್ಲಿ ಉರುಳಿಸಿ ಗೇರ್ ಹಾಕಿ ಸ್ಟಾರ್ಟ್ ಮಾಡುವುದು ನಮ್ಮ ಕಡೆ ರೂಢಿ. ಸಿಲಿಂಡರಿನಲ್ಲಿ ನೀರಿದ್ದಾಗ ಹೀಗೆ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇನ್ನೂ ದೊಡ್ಡ ಅಪಾಯ ಬ್ರೇಕಿನದು. ರಾತ್ರಿಯಿಡೀ ನಿಂತ ಹಳೇ ಲಾರಿಯ ಏರ್ ಟ್ಯಾಂಕಿನಲ್ಲಿ ಗಾಳಿ ಇರುವುದಿಲ್ಲ, ಎಂಜಿನ್ ಹಿಡಿಯದಿದ್ದರೆ ಗಾಳಿ ತುಂಬುವುದೂ ಇಲ್ಲ, ತೋಟದ ಇಳಿಜಾರಿನಲ್ಲಿ ಬ್ರೇಕ್ ಇಲ್ಲದ ಲಾರಿ ನಿಮ್ಮ ಕೈಯಲ್ಲಿರುತ್ತದೆ. ಪೆಟ್ರೋಲ್ ಬಟ್ಟೆ ಅಥವಾ ಈಥರ್ ಸ್ಪ್ರೇ ಏರ್ ಕ್ಲೀನರಿಗೆ ಹಿಡಿಯುವುದೂ ಬೇಡ. ಪಿಸ್ಟನ್ ಮೇಲೆ ಬರುವ ಮೊದಲೇ ಅದು ಸಿಡಿದು ರಿಂಗ್, ಪಿಸ್ಟನ್ ಒಡೆಯುತ್ತದೆ.

ಎಂಜಿನ್ ಚೆನ್ನಾಗಿ ತಿರುಗುತ್ತದೆ ಎಂದಿದ್ದೀರಿ, ಆದರೂ ಒಂದು ಸಲ ಮೀಟರ್ ಹಿಡಿಯಿರಿ. 12 ವೋಲ್ಟ್ ಬ್ಯಾಟರಿ ರಾತ್ರಿ ನಿಂತ ಮೇಲೆ 12.6 ತೋರಿಸಬೇಕು, 12.2 ಅಂದರೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಎರಡು ಬ್ಯಾಟರಿಯ 24 ವೋಲ್ಟ್ ಗಾಡಿಯಾದರೆ ಇದರ ಎರಡರಷ್ಟು. ಬ್ಯಾಟರಿ ಸರಿಯಿದ್ದೂ ತಿರುಗುವುದು ನಿಧಾನ ಎನಿಸಿದರೆ, ಬ್ಯಾಟರಿ ನೆಗೆಟಿವ್‌ನಿಂದ ಎಂಜಿನ್ ಬ್ಲಾಕಿಗೆ ಮೀಟರ್ ಇಟ್ಟು ಸೆಲ್ಫ್ ಹೊಡೆಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥ್ ಕೇಬಲ್ ಕೆಟ್ಟಿದೆ. ಡೀಸೆಲ್ ಉರಿಯುವುದು ಗಾಳಿಯನ್ನು ಒತ್ತಿದಾಗ ಹುಟ್ಟುವ ಶಾಖಕ್ಕೆ. ಎಂಜಿನ್ ನಿಧಾನ ತಿರುಗಿದರೆ ಆ ಶಾಖ ಸಿಲಿಂಡರ್ ಗೋಡೆಗೆ ಹೋಗಿಬಿಡುತ್ತದೆ. ಒಂದು ಸಲಕ್ಕೆ 10 ರಿಂದ 15 ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ, ನಡುವೆ ಒಂದೆರಡು ನಿಮಿಷ ಬಿಡಿ.

ಗಾಳಿಯ ಸಮಸ್ಯೆ ಬಗೆಹರಿದ ಮೇಲೂ ಡಿಸೆಂಬರ್ ಬೆಳಿಗ್ಗೆ ದಟ್ಟ ಬಿಳಿ ಹೊಗೆ ಬಂದು ತಡವಾಗಿ ಹಿಡಿದರೆ ಆಗ ಎಂಜಿನ್ ಕಡೆ ನೋಡಬೇಕು: ಮೊದಲು ಟ್ಯಾಪೆಟ್ ಗ್ಯಾಪ್ (ಎಂಜಿನ್ ವಾಲ್ವುಗಳ ಸಂದಿ), ನಂತರ ನಾಜಲ್‌ಗಳನ್ನು ಟೆಸ್ಟರಿನಲ್ಲಿ ಒತ್ತಡ ಮತ್ತು ಸ್ಪ್ರೇಗೆ, ಕೊನೆಗೆ ಕಂಪ್ರೆಷನ್. ಕಂಪ್ರೆಷನ್‌ನಲ್ಲಿ ಅಂಕಿ ಎಷ್ಟು ಎನ್ನುವಷ್ಟೇ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸವೂ ಮುಖ್ಯ. ಓಡುವ ಎಂಜಿನ್ನಿನ ಆಯಿಲ್ ಮುಚ್ಚಳ ತೆಗೆದಾಗ ಹೊಗೆ ಬುಸುಗುಟ್ಟಿದರೆ ರಿಂಗ್ ಸವೆದಿವೆ.

ಯಾವತ್ತಾದರೂ ಪಂಪ್ ಮಾಡಿಸಲೇಬೇಕಾದ ಲಕ್ಷಣ ಬಂದರೆ, ಅಂದರೆ ಕಾದ ಎಂಜಿನ್ ಮತ್ತೆ ಹಿಡಿಯದಿದ್ದರೆ, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಸಿ ಹತ್ತು ನಿಮಿಷ ಕಾಯಿರಿ. ಬಿಸಿ ಪಂಪಿಗೆ ತಣ್ಣೀರು ಸುರಿದರೆ ಎಲಿಮೆಂಟ್ ಜಾಮ್ ಆಗುತ್ತದೆ, ಬಟ್ಟೆ ಸಾಕು. ಆಗ ಹಿಡಿದರೆ ಎಲಿಮೆಂಟ್ ಸವೆದಿರುವುದು ಬಹುತೇಕ ಖಚಿತ. ಇಳಿಸುವ ಮೊದಲು ಒಂದನೇ ಸಿಲಿಂಡರನ್ನು ಕಂಪ್ರೆಷನ್ ಸ್ಟ್ರೋಕಿನಲ್ಲಿ ಟೈಮಿಂಗ್ ಗುರುತಿಗೆ ತಂದು, ಪಂಪನ್ನು ಎಂಜಿನ್ನಿಗೆ ಜೋಡಿಸುವ ಕಪ್ಲಿಂಗಿನ ಎರಡೂ ಭಾಗಕ್ಕೆ ಅಡ್ಡಲಾಗಿ ಉಳಿಯಿಂದ ಸಣ್ಣ ಗೆರೆ ಹಾಕಿಸಿ. ಪಂಪನ್ನು ಓಡಿಸಿ ಅಳೆಯುವ ಕ್ಯಾಲಿಬ್ರೇಷನ್ ಬೆಂಚ್ ಇರುವ ಕಡೆಯೇ ಕೊಡಿ. ಸ್ಟಾರ್ಟಿಂಗ್ ವೇಗದಲ್ಲಿ ಆರೂ ಎಲಿಮೆಂಟ್ ಎಷ್ಟೆಷ್ಟು ಡೀಸೆಲ್ ಕೊಟ್ಟವು ಎಂದು ಅಳತೆ ಬರೆಸಿಕೊಳ್ಳಿ, ತೆಗೆದ ಹಳೇ ಎಲಿಮೆಂಟ್‌ಗಳನ್ನು ಕೇಳಿ ಪಡೆಯಿರಿ. ವಾಪಸ್ ಕೂರಿಸುವಾಗ ಉಳಿ ಗುರುತಿಗೆ ಕೂರಿಸಿ, ಸ್ಪಿಲ್ ವಿಧಾನದಲ್ಲಿ (ಪಂಪಿನಿಂದ ಡೀಸೆಲ್ ಹರಿವು ನಿಲ್ಲುವ ಕ್ಷಣ ನೋಡಿ) ಟೈಮಿಂಗ್ ಮತ್ತೊಮ್ಮೆ ನೋಡಿಸಿ. ಪಂಪಿಗೆ ಪ್ರತ್ಯೇಕ ಆಯಿಲ್ ಇರುವ ಮಾದರಿಯಾದರೆ ಹೊಸ ಆಯಿಲ್ ಹಾಕಿದ್ದಾರೆಯೇ ಎಂದು ಸ್ಟಾರ್ಟ್ ಮಾಡುವ ಮುಂಚೆ ಲೆವೆಲ್ ಪ್ಲಗ್ ಬಿಚ್ಚಿ ನೋಡಿ.